ನೋಡುವುದೂ ಆಡುವುದೂ

ಬೀದರಿನಲ್ಲಿ ಸಿನಿಮಾ, ಭಾಲ್ಕಿಯಲ್ಲಿ ಭಜನೆ, ಔರಾದಿನಲ್ಲಿ ಅಮರೇಶ್ವರ ಜಾತ್ರೆ. ನೋಡಲು, ಕೇಳಲು ನಮಗೆ ಕೊರತೆಯಿಲ್ಲ. ಆದರೆ ನನ್ನ ವಿದ್ಯಾರ್ಥಿಯೊಬ್ಬ ಚಿತ್ರ ನೋಡಿ ಬಂದವನೇ ಶಾಲೆಯ ನಾಟಕದ ಪಾತ್ರವನ್ನು ಬಿಟ್ಟುಬಿಟ್ಟ. “ಅಷ್ಟು ಚೆಂದ ನಮಗೆ ಬರಲ್ರೀ ಸರ್” ಎಂದ.

1954ರ ‘ಬೇಡರ ಕಣ್ಣಪ್ಪ’ದ ನಾಯಕ ರಾಜ್‌ಕುಮಾರ್ ಅವರೂ ಗುಬ್ಬಿ ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಯೇ ಬೆಳೆದವರೆಂದು ತಿಳಿಸಿದೆ. ಹುಡುಗ ಮರಳಿ ಬಣ್ಣ ಹಚ್ಚಿದ. ಎರಡು ಕಡೆ ಮಾತು ಮರೆತ. ಜನ ನಕ್ಕರು, ಅವನೂ ನಕ್ಕ. ಮುಂದೆ ಚಿತ್ರ ನೋಡುವಾಗ, ನಟ ಎಲ್ಲಿ ಮಾತು ತಡೆದ, ಏಕೆ ತಡೆದ ಎಂಬುದು ಅವನಿಗೆ ಕಾಣತೊಡಗಿತು.

ನೋಟ ಹುರುಪು ಕೊಡುತ್ತದೆ. ಆಟ ಕಣ್ಣು ಕೊಡುತ್ತದೆ. ಎರಡೂ ಬೇಕು. ಈ ಹೊತ್ತು ರೇಡಿಯೋ ಆರಿಸಿದ ಮೇಲೆ, ತಪ್ಪಿದರೂ ಚಿಂತೆಯಿಲ್ಲ, ಮನೆಯ ಮಕ್ಕಳಿಂದ ಒಂದು ಹಾಡು ಹಾಡಿಸಿರಿ, ನೀವೂ ದನಿಗೂಡಿಸಿರಿ.