ನಾಯಿಗೊಂದು ಹೆಸರು
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾದಾಗ, ವಿಷಯ ಯಾವುದೆಂದು ಕೇಳಿದೆವು. "ನಿಮ್ಮ ನಾಯಿಯ ವಿಷಯವೇ ಸಾಕು" ಎಂದು ನಕ್ಕರು. ಅವರು ಹಾಸ್ಯಕ್ಕೆ ಆಡಿದ ಮಾತನ್ನು ನಾವು ನಿಜವೆಂದೇ ಹಿಡಿದು ಬಂದಿದ್ದೇವೆ.

2024ರ ಆಗಸ್ಟ್ ತಿಂಗಳ ಕೊನೆಯ ವಾರವನ್ನು ವಡೋದರೆಯಲ್ಲಿದ್ದವರಾರೂ ಮರೆಯಲಾರರು. ವಿಶ್ವಾಮಿತ್ರೀ ನದಿಯ ಅಪಾಯದ ಗುರುತು 25 ಅಡಿ; ನೀರು 35 ಅಡಿಯನ್ನೂ ಮೀರಿ ಏರಿತು. ಊರೊಳಗೆ ದೋಣಿಗಳು ಬಂದವು, ಮೊಸಳೆಗಳೂ ಬಂದವು. ಆ ದಿನಗಳಲ್ಲೇ, ಸೋನೆ ಹಿಡಿದ ಒಂದು ಬೆಳಗ್ಗೆ, ಗೋರ್ವಾದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಕಪ್ಪು ಹೆಣ್ಣುಮರಿ ನಡುಗುತ್ತ ಕೂತಿತ್ತು. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ನಮ್ಮ ಮುಧೋಳದ ಜಾತಿಯದೇನೂ ಅಲ್ಲ, ಬೀದಿಯ ಮರಿ.

ಎರಡು ವಾರದಲ್ಲಿ ಕಟ್ಟಡದವರು ಸಹಿ ಹಾಕಿದ ಒಂದು ಕಾಗದ ತಿರುಗಾಡತೊಡಗಿತು. "ಒಂದು ನಾಯಿ" ಸೇರಿಕೊಂಡಿದೆ, ಅದನ್ನು ಹಿಡಿಸಿ ಹೆದ್ದಾರಿಯ ಆಚೆ ಬಿಟ್ಟು ಬರತಕ್ಕದ್ದು ಎಂದು. 2023ರ ನಿಯಮಗಳ ಪ್ರಕಾರ ಬೀದಿನಾಯಿಗೆ ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಇದ್ದಲ್ಲಿಗೇ ತಂದು ಬಿಡಬೇಕು, ನಿಜ. ಆದರೆ ನಿಯಮವನ್ನು ಮೆಟ್ಟಿಲ ಮೇಲೆ ನಿಂತು ಓದಿದರೆ ನೆರೆಹೊರೆ ಕೆಡುತ್ತದೆಯೇ ಹೊರತು ಮರಿ ಉಳಿಯುವುದಿಲ್ಲ. "ಒಂದು ನಾಯಿ"ಯನ್ನು ಗೋಣಿಯಲ್ಲಿ ಕಟ್ಟುವುದು ಸುಲಭ. ಹೆಸರಿರುವುದನ್ನು ಕಟ್ಟಲು ಕೈ ಸ್ವಲ್ಪ ತಡೆಯುತ್ತದೆ. ಆದ್ದರಿಂದ ಮೊದಲು ಹೆಸರಿಡೋಣವೆಂದು ಮನೆಯವರೆಲ್ಲ ಕೂತೆವು.

ನಮಗೆ ಮೊದಲು ಹೊಳೆದದ್ದು ಕಾಳಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನು, ಏನು ಬೇಕೋ ಕೇಳು ಎಂದಾಗ ಬೇರೇನನ್ನೂ ಬಯಸದೆ ಕಾಳಿ ಎಂಬ ಬೇಟೆನಾಯನ್ನು ಕೇಳಿ ಪಡೆದ. ಆ ಕಾಳಿ ಬೆಳತೂರಿನ ಬೆಟ್ಟದಲ್ಲಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರನು ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟ. ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂದೂ ಬರೆದಿದೆ. (ಗೊರವ, ಗೋರ್ವಾ ಎರಡೂ ಕಿವಿಗೆ ಒಂದೇ ಎನಿಸಿದರೂ ನಾವು ನಂಟು ಕಟ್ಟಲು ಹೋಗುವುದಿಲ್ಲ.) ಕ್ರಿ.ಶ. 950ರ ಸುಮಾರಿನ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷ ಹಳೆಯ ಕನ್ನಡ ನಾಯಿ! ಇದಕ್ಕಿಂತ ಅರ್ಥವುಳ್ಳ ಹೆಸರು ಯಾವುದು?

ಆದರೆ ನಾವಿರುವುದು ಪಾವಾಗಢದ ಮಹಾಕಾಳಿಯ ನೆರಳಿನಲ್ಲಿ. ನವರಾತ್ರಿಯಲ್ಲಿ ಆ ಬೆಟ್ಟ ಹತ್ತುವ ಪಕ್ಕದ ಮನೆಯವರ ಮುಂದೆ ನಿಂತು, "ಕಾಳೀ, ಚಪ್ಪಲಿ ಬಿಡು" ಎಂದು ನಾವು ಗದರುವುದೆ? ಶಾಸನ ನಮ್ಮದಿರಬಹುದು, ಮನಸ್ಸು ಅವರದು. ಕೈಬಿಟ್ಟೆವು.

ಕರಿಯೆ ಎನ್ನೋಣವೆಂದರೆ, ಬಣ್ಣ ಹಿಡಿದು ಕರೆಯುವ ಕೂಗು ಬೀದಿಯಲ್ಲಿ ಹೋಗುವ ಯಾವ ಮನುಷ್ಯನಿಗೆ ತಾಗುತ್ತದೋ ಯಾರು ಬಲ್ಲರು. ಮಕ್ಕಳು ಟೈಗರ್ ಎಂದರು. ಮರಿ ಆಗ ಒಂದು ಬನ್ನಿನಷ್ಟಿತ್ತು.

ಹೊಳೆಯಿಂದ ಬಂದದ್ದಲ್ಲವೆ, ವಿಶ್ವಾಮಿತ್ರಿ ಎಂದಿಡಿ ಎಂದರು ಒಬ್ಬ ಹಿರಿಯರು. ಆ ಋಷಿಗೂ ನಾಯಿಗೂ ಇರುವ ಸಂಬಂಧ ವಿಚಿತ್ರವಾದದ್ದು. ಭಾರತದ ಶಾಂತಿಪರ್ವದಲ್ಲಿ, ಬರಗಾಲದ ಹಸಿವೆಯಲ್ಲಿ ನಾಯಿಯ ಮಾಂಸವನ್ನು ಕದಿಯಲು ಹೋದವನು ಅವನೇ. ಐತರೇಯ ಬ್ರಾಹ್ಮಣದ ಹರಿಶ್ಚಂದ್ರನ ಕಥೆಯಲ್ಲಿಯೋ, ಅಜೀಗರ್ತನೆಂಬ ಬಡವನಿಗೆ ಮೂವರು ಮಕ್ಕಳು: ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೂರಕ್ಕೂ ನಾಯಿಬಾಲವೆಂದೇ ಅರ್ಥ. ನಡುವಿನವನನ್ನು ತಂದೆ ನೂರು ಹಸುವಿಗೆ ಯಜ್ಞಪಶುವಾಗಿ ಮಾರಿದ. ಬದುಕಿ ಉಳಿದ ಆ ಹುಡುಗನನ್ನು ವಿಶ್ವಾಮಿತ್ರನು ಮಗನಾಗಿ ಸ್ವೀಕರಿಸಿದ. ನಾಯಿಬಾಲ ದೇವರಾತನಾದ, ಎಂದರೆ ದೇವರು ಕೊಟ್ಟವನು. ಹೆಸರು ಬದಲಾದದ್ದು ಅವನಿಗೊಂದು ಮನೆ ಸಿಕ್ಕಿದಾಗ. ಈ ಕಥೆ ನಮಗೆ ಬಹಳ ಹಿಡಿಸಿತು. ಆದರೆ ವಿಶ್ವಾಮಿತ್ರಿ ಎಂದು ಕೂಗಿ ಮುಗಿಸುವುದರೊಳಗೆ ನಾಯಿ ಅಲೆಂಬಿಕ್ ರಸ್ತೆಯಲ್ಲಿರುತ್ತದೆ. ನಾಯಿಯ ಹೆಸರು ಎರಡಕ್ಷರ ಮೀರಬಾರದು.

ಇಷ್ಟರಲ್ಲಿ ಇನ್ನೊಂದು ಪೇಚು. ಮರಿಯನ್ನು ನಾವು "ಬಾ, ಬಾ" ಎಂದು ಕರೆಯುತ್ತಿದ್ದೆವು. ಮೇಲಿನ ಮಹಡಿಯ ಮುದುಕಮ್ಮ ಬಾಗಿಲು ತೆರೆದು, ಏನು ಬೇಕಪ್ಪಾ ಎಂದು ಗುಜರಾತಿಯಲ್ಲಿ ವಿಚಾರಿಸಿದರು. ಗುಜರಾತಿಯಲ್ಲಿ ಬಾ ಎಂದರೆ ತಾಯಿ! ನಾಚಿಕೊಂಡು ಸಂಗತಿ ತಿಳಿಸಿದೆವು. ಆಕೆ ಕೆಳಗಿಳಿದು ಬಂದು, ತಣ್ಣನೆಯ ರೊಟ್ಟಿಯೊಂದನ್ನು ಮರಿಯ ಮುಂದೆ ಹಾಕಿ, "ಇದರ ಹೆಸರೇನು?" ಎಂದರು. ನಮ್ಮ ಕಿರಿಯ ಮಗಳು ಮಳೆಯನ್ನು ನೋಡುತ್ತ ನಿಂತಿದ್ದಳು. ಗುಜರಾತಿ ಶಾಲೆಗೆ ಹೋಗುವ ಹುಡುಗಿ. ಕನ್ನಡದ ಮಾತನ್ನು ಅವಳ ಬಾಯಿಂದ ಹೊರಡಿಸುವುದೇ ನಮಗೆ ಕಷ್ಟವಾಗಿತ್ತು. "ಸೋನೆ" ಎಂದಳು. ಮಳೆಯ ಹೆಸರು ಹೇಳಿದಳೋ ಮರಿಯ ಹೆಸರು ಹೇಳಿದಳೋ ಇಂದಿಗೂ ನಮಗೆ ತಿಳಿಯದು. ಮುದುಕಮ್ಮನ ಕಿವಿಗೆ ಅದು ಸೋನು ಎಂದು ಬಿತ್ತು. ಸೋನು ಅವರಿಗೆ ಚಿನ್ನ. "ಇಷ್ಟು ಕರ್ರಗಿದ್ದು ಚಿನ್ನವೆ!" ಎಂದು ಗೋಡೆ ಹಿಡಿದು ನಕ್ಕರು.

ಅಂದು ಸಂಜೆಯೊಳಗೆ ಕಟ್ಟಡವೆಲ್ಲ ಆ ಹೆಸರನ್ನು ಹೇಳಿ ನಗುತ್ತಿತ್ತು. ಕಾಗದಕ್ಕೆ ಮೊದಲ ಸಹಿ ಹಾಕಿದ್ದ ಮಹನೀಯರು ಮಾತ್ರ ನಗಲಿಲ್ಲ. ಆದರೆ ಗೋಣಿಯ ಮಾತೂ ಮತ್ತೆ ಏಳಲಿಲ್ಲ. ಉತ್ತರಾಯಣದ ದಿನ ಅವರ ಮನೆಯಿಂದಲೇ ನಾಯಿಗಳಿಗೆಂದು ಲಾಡು ಬಂದಿತು. "ಸೋನುವಿಗೆ" ಎಂದು ಹೇಳಿ ಕಳುಹಿಸಿದ್ದರು.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದಿನ ಓಣಿಯಲ್ಲಿ ಸೋನು ಎಂಬ ಹುಡುಗನೊಬ್ಬನಿದ್ದಾನೆ. ನಾವು ಕರೆದಾಗ ಕೆಲವು ಸಲ ಇಬ್ಬರೂ ಓಡಿ ಬರುತ್ತಾರೆ. ಹುಡುಗನ ತಾಯಿಯ ಕ್ಷಮೆ ಕೇಳಿದ್ದೇವೆ.

ಲಸಿಕೆ, ಶಸ್ತ್ರಕ್ರಿಯೆ ಎರಡೂ ಆದವು. ಚಿಕಿತ್ಸಾಲಯದ ಗುಮಾಸ್ತರು ಚೀಟಿಯಲ್ಲಿ ಹೆಸರನ್ನು ಸೋನಿ ಎಂದು ಬರೆದರು. ಗುಜರಾತಿಯಲ್ಲಿ ಅದು ಅಕ್ಕಸಾಲಿಗ. ತಿದ್ದಿಸೋಣವೆಂದು ನಾವು ಬಾಯಿ ತೆರೆಯುವಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತು, "ಸೋನೆ, ಮನೆಗೆ ಹೋಗೋಣ ಬಾ" ಎಂದು ಕನ್ನಡದಲ್ಲೇ ಕೂಗಿದಳು. ನಾಯಿ ಮುಂದೆ, ಅವಳು ಹಿಂದೆ ಹೊರಟೇಬಿಟ್ಟರು; ಚೀಟಿಯನ್ನು ಹಾಗೆಯೇ ಮಡಿಸಿ ಜೇಬಿಗಿಟ್ಟುಕೊಂಡೆವು.