ಮೇಷ್ಟ್ರೆಂಬ ನಂಬಿಕೆ

ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ಈ ನಮ್ಮ ಊರುಗಳಲ್ಲಿ ಮೇಷ್ಟ್ರೆಂದರೆ ಬರೇ ಸಂಬಳದ ಕೆಲಸದವರಲ್ಲ. ಅರ್ಜಿ ಬರೆಯಬೇಕಾದರೂ, ಮಗಳಿಗೆ ಗಂಡು ನೋಡಬೇಕಾದರೂ ಜನ ಅವರಲ್ಲಿ ಒಂದು ಮಾತು ಕೇಳುವುದುಂಟು. ಈ ಗೌರವ ಒಳ್ಳೆಯದೇ. ಆದರೆ ಗೌರವ ಬೇರೆ, ವಿಚಾರಿಸದೆ ನಂಬುವುದು ಬೇರೆ. ಈ ಭೇದ ಮರೆತರೆ ಏನಾದೀತೆಂಬುದನ್ನು ನೆರೆಯ ಜಿಲ್ಲೆಯ ಒಂದು ಪ್ರಕರಣ ತಿಳಿಸುತ್ತದೆ.

1997ರವರೆಗೆ ನಾವೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೋಹನ್ ಕುಮಾರ್ ಎಂಬವನು 2003ರವರೆಗೆ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದ. 2009ರ ಅಕ್ಟೋಬರಿನಲ್ಲಿ ಪೊಲೀಸರು ಅವನನ್ನು ಹಿಡಿದ ಮೇಲೆ ಅವನ ಮೇಲೆ ಬಂದುದು 20 ಹೆಂಗಸರ ಕೊಲೆಯ ಆರೋಪ.

ಅವನ ಬಲೆಗೆ ಬಿದ್ದವರು ಹೆಚ್ಚಾಗಿ ಬಡಮನೆಯ, ವರದಕ್ಷಿಣೆ ಕೊಡಲಾಗದೆ ಮದುವೆ ಮುಂದೆ ಬಿದ್ದ ಹೆಣ್ಣುಮಕ್ಕಳು. ಅವನು ಸರಕಾರಿ ನೌಕರನೆಂದು ಹೇಳಿಕೊಳ್ಳುತ್ತಿದ್ದ. ಹೆಸರು ಮಾತ್ರ ಬೇರೆ ಬೇರೆ. ವರದಕ್ಷಿಣೆ ಬೇಡವೆನ್ನುತ್ತಿದ್ದ. ಮೈಸೂರು, ಮಡಿಕೇರಿ, ಬೆಂಗಳೂರಿನಂಥ ದೂರದ ಊರಿಗೆ ಕರೆದೊಯ್ದು, ಮರುದಿನ ಒಡವೆಗಳನ್ನು ಲಾಡ್ಜಿನಲ್ಲೇ ಬಿಡಿಸಿ, ಗರ್ಭ ನಿಲ್ಲದಿರಲೆಂದು ಗುಳಿಗೆ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯದಲ್ಲಿ ನುಂಗಲು ಹೇಳುತ್ತಿದ್ದ. ಗುಳಿಗೆಯಲ್ಲಿದ್ದುದು ಸಯನೈಡ್. ಚಿಲಕ ಹಾಕಿಕೊಂಡು ಒಳಗೆ ಹೋದವಳು ಜೀವಸಹಿತ ಹೊರಗೆ ಬರುತ್ತಿರಲಿಲ್ಲ.

ಇದು ಇಷ್ಟು ವರ್ಷ ನಡೆದುದು ಹೇಗೆ? ಪರವೂರು, ಗುರುತಿಲ್ಲದ ಶವ, ಒಳಗಿನಿಂದ ಹಾಕಿದ ಚಿಲಕ. ಆತ್ಮಹತ್ಯೆಯಿರಬೇಕೆಂದು, ಅಸಹಜ ಮರಣವೆಂದು ಕಡತಗಳು ಮುಚ್ಚಿದವು. ಒಂದು ಠಾಣೆಯ ಕಡತವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದವರಿಲ್ಲ. ಇತ್ತ ಮನೆಯವರಲ್ಲಿ ಕೆಲವರು, ಮಗಳು ಯಾರ ಜತೆಗೋ ಹೋದಳೆಂದು ಮಾನಕ್ಕೆ ಅಂಜಿ ಸುಮ್ಮನಾದರು. ಆ ಅಂಜಿಕೆಯೇ ಕೊಲೆಗಾರನಿಗೆ ಬೆಂಗಾವಲಾಯಿತು.

2009ರ ಜೂನಿನಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಯುವತಿ ಕಾಣೆಯಾದಾಗ ಊರವರು ಸುಮ್ಮನಿರಲಿಲ್ಲ. ಹುಡುಕಿಕೊಡಿ ಎಂದು ಪಟ್ಟು ಹಿಡಿದರು. ಫೋನು ಕರೆಗಳ ದಾಖಲೆಯ ಜಾಡು ಹಿಡಿದು ಪೊಲೀಸರು ಹೋದಂತೆ, ಕಾಣೆಯಾದ ಒಬ್ಬಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು ಎಂದು ಸರಪಳಿ ಬಯಲಾಯಿತು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ 3 ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. ಮೇಲ್ಮನವಿಯಲ್ಲಿ ಕೆಲವು ತೀರ್ಪುಗಳು ಬದಲಾದವು. 20ನೆಯ ಹಾಗೂ ಕೊನೆಯ ಪ್ರಕರಣದಲ್ಲಿ 2020ರ ಜೂನಿನಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಮನೆಯ ಹಿರಿಯರು ಎರಡು ಮಾತು ನೆನಪಿಡಬೇಕು. ಸಂಬಂಧ ಬಂದಾಗ, ಗಂಡು ಹೇಳಿದ ಶಾಲೆಗೋ ಕಚೇರಿಗೋ ಹೋಗಿ ವಿಚಾರಿಸಿರಿ. ನಿಜವಾದ ಮೇಷ್ಟ್ರು ಇದಕ್ಕೆ ಬೇಸರಿಸಲಾರರು. ಮಗಳು ಮನೆಗೆ ಬಾರದಿದ್ದರೆ ಅದೇ ದಿನ ಠಾಣೆಗೆ ಹೋಗಿರಿ. ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಹೋದ ಮಾನವನ್ನು ನಾಲ್ಕು ದಿನದಲ್ಲಿ ಊರು ಮರೆತೀತು. ಹೋದ ಮಗಳು ಮರಳಿ ಬಾರಳು.