ಚೀತಾ ಉಳಿಸುವ ಕೊಟ್ಟಿಗೆ ಕೆಲಸ



ಓದು ಮುಗಿಸಿದ ತರುಣ ತರುಣಿಯರು ಆಫ್ರಿಕಾಕ್ಕೆ ತೆರಳಿ, ಅಲ್ಲಿನ ಸಿಂಹ, ಚೀತಾಗಳ ರಕ್ಷಣೆಗಾಗಿ ಕೆಲವು ವಾರ ಸ್ವಯಂಸೇವಕರಾಗಿ ದುಡಿಯುವುದು ಈಗ ಜಗತ್ತಿನಾದ್ಯಂತ ರೂಢಿಗೆ ಬಂದಿದೆ. ಇದಕ್ಕೆ ಸಂಬಳವಿಲ್ಲ. ಊಟ ವಸತಿಗೆಂದು ಸ್ವಯಂಸೇವಕರೇ ಹಣ ತೆರಬೇಕು. ಉದ್ದೇಶ ಒಳ್ಳೆಯದೇ. ಆದರೆ ಆ ಹಣ ಮತ್ತು ಶ್ರಮ ಎಲ್ಲಿ ಹೋಗಿ ಸೇರುತ್ತವೆ ಎಂಬುದು ಆ ಪ್ರಾಣಿಗಳ ಪಾಲಿಗೆ ಜೀವನ್ಮರಣದ ಪ್ರಶ್ನೆ.

ದಕ್ಷಿಣ ಆಫ್ರಿಕಾದ ಸಾಕಣೆ ಕೇಂದ್ರಗಳ ಬೇಲಿಯೊಳಗೆ ಸಾವಿರಾರು ಸಿಂಹಗಳಿವೆ. ಇಂತಹ ಹಲವು ಕೇಂದ್ರಗಳಲ್ಲಿ, ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ, ತಬ್ಬಲಿಗಳೆಂದು ಹೇಳಿ ವಿದೇಶಿ ಸ್ವಯಂಸೇವಕರ ತೊಡೆಯ ಮೇಲೆ ಇಡುತ್ತಿದ್ದುದು ಬೆಳಕಿಗೆ ಬಂತು. ಮರಿ ಅಗಲಿದ ತಾಯಿ ಬೇಗನೆ ಮತ್ತೆ ಬೆದೆಗೆ ಬರುತ್ತದೆ. ಹಸು ಎಮ್ಮೆ ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಟಲಿ ಹಾಲು ಕುಡಿದು ಬೆಳೆದ ಮರಿ ಪ್ರವಾಸಿಗರ ಜೊತೆ ನಡೆದಾಡಿ ಹಣ ತರುತ್ತದೆ. ಪ್ರಾಯಕ್ಕೆ ಬಂದ ಮೇಲೆ ಬೇಲಿಯೊಳಗೇ, ಹಣ ತೆತ್ತ ಬೇಟೆಗಾರನ ಗುಂಡಿಗೆ ಬಲಿಯಾಗುತ್ತದೆ. ಉಳಿದ ಮೂಳೆಗೂ ಏಷ್ಯಾದಲ್ಲಿ ಬೆಲೆಯುಂಟು. 2017ರಲ್ಲಿ 800 ಅಸ್ಥಿಪಂಜರಗಳ ರಫ್ತಿಗೆ ಅಲ್ಲಿನ ಸರ್ಕಾರವೇ ಮಿತಿ ಗೊತ್ತುಪಡಿಸಿ ಅನುಮತಿ ನೀಡಿತ್ತು. 2015ರಲ್ಲಿ ಬಂದ 'ಬ್ಲಡ್ ಲಯನ್ಸ್' ಸಾಕ್ಷ್ಯಚಿತ್ರ ಈ ವ್ಯವಹಾರವನ್ನು ಜಗತ್ತಿನ ಮುಂದಿಟ್ಟಿತು. 2021ರಲ್ಲಿ ಪರಿಸರ ಸಚಿವೆ ಬಾರ್ಬರಾ ಕ್ರೀಸಿ ಈ ಉದ್ಯಮವನ್ನು ಕೊನೆಗಾಣಿಸುವ ನಿರ್ಧಾರವನ್ನು ಪ್ರಕಟಿಸಿದರು. ಹೀಗೆ ಕೈಯಾರೆ ಸಾಕಿದ ಮರಿ ಕಾಡಿಗೆ ಮರಳುವುದಿಲ್ಲ. ಅದನ್ನು ಮುದ್ದಿಸಿದವರಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ.

ನೆರೆಯ ನಮೀಬಿಯಾದಲ್ಲಿ ಬೇರೊಂದು ಬಗೆಯ ಕೆಲಸ ನಡೆದಿದೆ. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೊ ಅರಣ್ಯಕ್ಕೆ 8 ಚೀತಾಗಳು ಬಂದದ್ದು ಆ ದೇಶದಿಂದಲೇ. ಅಲ್ಲಿನ ಬಹುಪಾಲು ಚೀತಾಗಳು ವಾಸಿಸುವುದು ಅಭಯಾರಣ್ಯಗಳಲ್ಲಿ ಅಲ್ಲ, ರೈತರ ಹುಲ್ಲುಗಾವಲುಗಳಲ್ಲಿ. ಓಟಕ್ಕೆಂದೇ ರೂಪುಗೊಂಡ ಹಗುರ ದೇಹದ ಈ ಪ್ರಾಣಿ ಕಾದಾಟಕ್ಕೆ ನಿಲ್ಲಲಾರದು. ಸಿಂಹ, ಕತ್ತೆಕಿರುಬಗಳು ಅದರ ಬೇಟೆಯನ್ನು ಕಸಿಯುತ್ತವೆ, ಮರಿಗಳನ್ನು ಕೊಲ್ಲುತ್ತವೆ. ಅವುಗಳಿಲ್ಲದ ಜಾಗ ಹುಡುಕಿ ಚೀತಾ ರೈತನ ಬೇಲಿಯೊಳಗೆ ಬಂತು. ಹಗಲಿನಲ್ಲಿ ಓಡಾಡುವುದರಿಂದ ರೈತನ ಕಣ್ಣಿಗೂ ಬಿತ್ತು. ಚಿರತೆ, ನರಿಗಳು ರಾತ್ರಿ ಮಾಡಿದ ಅಪರಾಧವೂ ಅದರ ತಲೆಗೇ ಬಂತು. 1980ರ ದಶಕದಲ್ಲಿ ಗುಂಡು ಮತ್ತು ಬೋನುಗಳಿಂದ ಸಾವಿರಾರು ಚೀತಾಗಳು ಇಲ್ಲವಾದವು.

1990ರಲ್ಲಿ, ನಮೀಬಿಯಾ ಸ್ವತಂತ್ರವಾದ ವರ್ಷವೇ, ಅಮೆರಿಕದ ಲಾರೀ ಮಾರ್ಕರ್ ಅಲ್ಲಿ ಚೀತಾ ಕನ್ಸರ್ವೇಶನ್ ಫಂಡ್ ಸ್ಥಾಪಿಸಿದರು. ಅವರು ಮೊದಲು ಹೋದದ್ದು ರೈತರ ಮನೆಬಾಗಿಲಿಗೆ, ಅವರ ನಷ್ಟವನ್ನು ಕೇಳಿ ತಿಳಿಯಲು. 1994ರಿಂದ ಆ ಸಂಸ್ಥೆ ತುರ್ಕಿ ಮೂಲದ ಅನಟೋಲಿಯನ್ ತಳಿಯ ಕಾವಲು ನಾಯಿಗಳನ್ನು ರೈತರಿಗೆ ಕೊಡುತ್ತಾ ಬಂದಿದೆ. ಈ ನಾಯಿ ಮಂದೆಯನ್ನು ಅಟ್ಟುವುದಿಲ್ಲ, ಮಂದೆಯ ಒಂದು ಭಾಗವಾಗಿಯೇ ಇರುತ್ತದೆ. ಎಳೆಯ ಮರಿಯನ್ನು ಮೇಕೆಗಳ ನಡುವೆಯೇ ಮಲಗಿಸಿ ಬೆಳೆಸುವುದರಿಂದ ಅದಕ್ಕೆ ಮೇಕೆಗಳೇ ಬಂಧುಬಳಗ. ಅಪರಿಚಿತ ವಾಸನೆ ಬಂದೊಡನೆ ಎದ್ದು ನಿಂತು ಬೊಗಳುತ್ತದೆ. ಚೀತಾಗೆ ಅಷ್ಟೇ ಸಾಕು. ಕಾಲಿಗೆ ಗಾಯವಾದರೆ ಬೇಟೆಯಿಲ್ಲ, ಬೇಟೆಯಿಲ್ಲದಿದ್ದರೆ ಉಪವಾಸ; ಅಂತಹ ಅಪಾಯವನ್ನು ಅದು ಮೈಮೇಲೆ ಎಳೆದುಕೊಳ್ಳದು. ದನದ ಮಂದೆಗೆ ಸಲಹೆ ಬೇರೆ: ಹಸುಗಳು ಒಂದೇ ಋತುವಿನಲ್ಲಿ ಈಯುವಂತೆ ನೋಡಿಕೊಳ್ಳುವುದು, ಎಳೆಗರುಗಳನ್ನು ಮನೆಯ ಹತ್ತಿರವೇ ಕಟ್ಟುವುದು, ಮಂದೆಯಲ್ಲೊಂದು ಕತ್ತೆಯನ್ನು ಬಿಡುವುದು. ಕತ್ತೆಯ ಒದೆತ ಸಾಮಾನ್ಯವಾದುದಲ್ಲ.

ಇಂತಹ ಕಡೆ ಸ್ವಯಂಸೇವಕರ ಪಾಲಿಗೆ ಬರುವುದು ಬಹುಮಟ್ಟಿಗೆ ಕೊಟ್ಟಿಗೆ ಕೆಲಸ. ಮೇಕೆಗಳಿಗೆ ಮೇವು ಹಾಕಬೇಕು, ನಾಯಿಮರಿಗಳ ಗೂಡು ಗುಡಿಸಬೇಕು. ಚೀತಾ ಹಿಕ್ಕೆಯನ್ನು ತೊಳೆದು, ಉಳಿದ ಕೂದಲಿನಿಂದ ಅದು ತಿಂದದ್ದೇನೆಂದು ಗುರುತಿಸಬೇಕು. ಇಂತಹ ಅಧ್ಯಯನಗಳಲ್ಲಿ ಜಾನುವಾರಿಗಿಂತ ಕಾಡುಪ್ರಾಣಿಗಳ ಕೂದಲೇ ಹೆಚ್ಚಾಗಿ ಕಂಡಿತು. ಅತಿಯಾಗಿ ಮೇಯಿಸಿದ ಬಯಲುಗಳನ್ನು ಆಕ್ರಮಿಸಿದ ಮುಳ್ಳುಪೊದೆಗಳ ಸಮಸ್ಯೆಯೂ ಅಲ್ಲಿ ದೊಡ್ಡದು. ಅದರಿಂದ ದನಕ್ಕೆ ಹುಲ್ಲಿಲ್ಲ, ಚೀತಾಗೆ ಓಡಲು ಬಯಲಿಲ್ಲ. ಕಡಿದ ಪೊದೆಗಳನ್ನು ಪುಡಿಮಾಡಿ, ಅಚ್ಚೊತ್ತಿ ಸೌದೆಯ ದಿಮ್ಮಿಗಳಾಗಿ ಮಾರುತ್ತಾರೆ.

ಹೊರಡುವ ಮುನ್ನ ಪತ್ರ ಬರೆದು ಕೇಳಬೇಕಾದದ್ದು ಹೆಚ್ಚೇನಿಲ್ಲ. ಮರಿಗಳನ್ನು ಮುಟ್ಟಲು ಬಿಡುತ್ತಾರೆಯೇ? ಅವುಗಳ ತಾಯಿ ಎಲ್ಲಿದೆ? ಕಳೆದ ವರ್ಷದ ಮರಿಗಳು ಈಗ ಎಲ್ಲಿವೆ? ಮೊದಲನೆಯದಕ್ಕೆ ಹೌದೆಂಬ ಉತ್ತರ ಬಂದರೆ ಉಳಿದೆರಡನ್ನು ಕೇಳುವ ಶ್ರಮ ಬೇಡ.

ನಮೀಬಿಯಾದ ಆ ಸಂಸ್ಥೆಯಲ್ಲಿ ನೀರುಗುಂಡಿಯ ಗಣತಿಯೂ ನಡೆಯುತ್ತದೆ. ಮರೆಯಲ್ಲಿ 12 ಗಂಟೆ ಕುಳಿತು, ನೀರಿಗೆ ಬಂದ ಪ್ರತಿಯೊಂದು ಪ್ರಾಣಿಯನ್ನೂ ಬರೆದಿಡುವ ಕೆಲಸ. ದಿನವಿಡೀ ಕಾಡುಹಂದಿ, ಜಿಂಕೆ ಜಾತಿಗಳನ್ನೇ ಎಣಿಸಿ, ಒಂದೂ ಚೀತಾ ಕಾಣದೆ ಎದ್ದುಬರುವವರುಂಟು. ಅವರ ಪಟ್ಟಿಯೂ ಸಂಸ್ಥೆಯ ದಾಖಲೆಗೆ ಸೇರುತ್ತದೆ. ಚೀತಾಗೆ ಆ ಬಯಲಿನಲ್ಲಿ ಆಹಾರವೆಷ್ಟಿದೆ ಎಂಬ ಲೆಕ್ಕ ಸಿಗುವುದು ಅದರಿಂದ.